ಕೇಪಿನ ಕೋವಿ ಹಾರದಿದ್ದರೆ: ಮದ್ದು ತುಂಬುವಾಗಿನ ಎಡವಟ್ಟುಗಳು, ಪತ್ತೆ, ಪರಿಹಾರ

ತೋಟಾ ಕೋವಿಯಲ್ಲಿ ಏನಾದರೂ ಎಡವಟ್ಟಾದರೆ ಕೋವಿ ಮಡಚಿ, ತೋಟಾ ಹೊರಗೆ ತೆಗೆದು ನೋಡಬಹುದು. ಕೇಪಿನ ಕೋವಿಯಲ್ಲಿ ಅದು ಆಗುವುದಿಲ್ಲ. ನಳಿಗೆಯ ಹಿಂದಿನ ತುದಿ ಮುಚ್ಚಿರುತ್ತದೆ. ಅಲ್ಲಿರುವ ತೂತಿನ ಮೊಳೆ, ಅಂದರೆ ನಿಪ್ಪಲ್, ಅದರ ಮೇಲೆ ಏಟಿಗೆ ಸಿಡಿಯುವ ಪುಟ್ಟ ಟೋಪಿ, ಅಂದರೆ ಕೇಪು, ಇಟ್ಟು ಹೊಡೆದರೆ ಬೆಂಕಿ ಒಳಗಿನ ಮದ್ದಿಗೆ ಹೋಗುತ್ತದೆ. ಮದ್ದು, ಗುಂಡಿಗೆ ಸುತ್ತುವ ಬಟ್ಟೆ, ಗುಂಡು ಎಲ್ಲ ಬಾಯಿಂದಲೇ ಒಳಗೆ ಹೋಗಬೇಕು, ಹೊರಗೆ ಬರುವುದೂ ಅಲ್ಲಿಂದಲೇ. ಹಾಗಾಗಿ ತೊಂದರೆ ಏನೇ ಇರಲಿ, ಮೊದಲು ಗೊತ್ತಾಗಬೇಕಾದ್ದು ಒಂದೇ: ಈಗ ನಳಿಗೆಯೊಳಗೆ ಏನಿದೆ?

ಕೊಡಗು, ಮಲೆನಾಡಿನಲ್ಲಿ ಬೆಳೆ ರಕ್ಷಣೆಗೆ ಲೈಸೆನ್ಸ್ ಪಡೆದ ಒಂಟಿ ನಳಿಗೆ ಕೇಪಿನ ಕೋವಿಗಳು ಇನ್ನೂ ಇವೆ. ಕಾಗದಪತ್ರದಲ್ಲಿ ಇದಕ್ಕೆ ಎಸ್‌ಬಿಎಂಎಲ್ (ಸಿಂಗಲ್ ಬ್ಯಾರಲ್ ಮಝಲ್ ಲೋಡಿಂಗ್) ಅಂತಾರೆ. ಅಮೆರಿಕ, ಯುರೋಪಿನಲ್ಲಿ ಇದೇ ಬಗೆಯ ಕೋವಿಗಳಿಂದ ರೇಂಜಿನಲ್ಲಿ ಗುರಿ ಹೊಡೆಯುವ ಸ್ಪರ್ಧೆಗಳು ನಡೆಯುತ್ತವೆ. ಅಲ್ಲಿನವುಗಳ ನಳಿಗೆಯೊಳಗೆ ಸಾಮಾನ್ಯವಾಗಿ ಸುರುಳಿ ಗೀರುಗಳಿರುತ್ತವೆ (ಇವೇ ರೈಫಲ್ಲುಗಳು), ನಮ್ಮವು ಹೆಚ್ಚಾಗಿ ನುಣುಪು ನಳಿಗೆಯವು. ತುಂಬುವಾಗ ಆಗುವ ತಪ್ಪುಗಳು ಮಾತ್ರ ಎರಡೂ ಕಡೆ ಅವೇ.

ಕಾನೂನಿನ ಮಾತು ಇಲ್ಲೇ ಹೇಳಿ ಮುಗಿಸುತ್ತೇನೆ. ಕೊಡವರಿಗೆ ಮತ್ತು ಕೊಡಗಿನ ಜಮ್ಮಾ (ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೆ ಲೈಸೆನ್ಸಿನಿಂದ ವಿನಾಯಿತಿ ಇದೆ. ಸದ್ಯದ ಆದೇಶ 2029ರ ಅಕ್ಟೋಬರ್ 31ರ ತನಕ. ಉಳಿದವರಿಗೆ ಲೈಸೆನ್ಸ್ ಬೇಕೇ ಬೇಕು. ಬೇಟೆಯನ್ನು 1972ರ ವನ್ಯಜೀವಿ ಕಾಯ್ದೆ ನಿಷೇಧಿಸಿದೆ. ಈ ಬರಹ ಗುರಿ ಹೊಡೆಯುವವರಿಗೆ, ಮತ್ತು ತುಂಬಿದ ಕೋವಿಯನ್ನು ಏನು ಮಾಡಬೇಕೆಂದು ತಿಳಿಯದೆ ನಿಂತವರಿಗೆ.

ಎಲ್ಲಕ್ಕಿಂತ ಮೊದಲು: ಗಜಕ್ಕೆ ಎರಡು ಗುರುತು

ಮದ್ದು, ಗುಂಡು ಜಡಿಯುವ ಕೋಲಿದೆಯಲ್ಲ, ಗಜ, ಅದೇ ನಿಮ್ಮ ಅಳತೆಗೋಲು. ನಳಿಗೆ ಖಾಲಿ ಇರುವಾಗ ಗಜವನ್ನು ತಳದವರೆಗೆ ಇಳಿಸಿ, ಬಾಯಿಯ ಅಂಚಿಗೆ ಸರಿಯಾಗಿ ಗಜದ ಮೇಲೆ ಸುತ್ತ ಒಂದು ಗೀರು ಹಾಕಿ. ಇದು ಖಾಲಿ ಗುರುತು. ಆಮೇಲೆ ನೀವು ಯಾವಾಗಲೂ ಹಾಕುವ ಅಳತೆಯ ಮದ್ದು, ಅದೇ ಬಟ್ಟೆ, ಅದೇ ಗುಂಡು ತುಂಬಿ ಗಟ್ಟಿಯಾಗಿ ಕೂರಿಸಿ, ಮತ್ತೆ ಬಾಯಿಯ ಅಂಚಿಗೆ ಇನ್ನೊಂದು ಗೀರು ಹಾಕಿ. ಇದು ಈಡಿನ ಗುರುತು. ಈಡು ಅಂದರೆ ಒಂದು ಸಲಕ್ಕೆ ತುಂಬುವ ಮದ್ದು, ಬಟ್ಟೆ, ಗುಂಡು. ಈ ಕೆಲಸ ಮಾಡುವಾಗ ನಿಪ್ಪಲ್ ಮೇಲೆ ಕೇಪು ಇರಬಾರದು.

ಇನ್ನು ಗಜ ಇಳಿಸಿದಾಗಲೆಲ್ಲ ಅದು ಉತ್ತರ ಹೇಳುತ್ತದೆ. ಈಡಿನ ಗುರುತು ಬಾಯಿಗೆ ಸರಿಯಾಗಿ ನಿಂತರೆ ಎಲ್ಲ ಸರಿ. ಗುರುತು ಬಾಯಿಗಿಂತ ಮೇಲೆ ನಿಂತರೆ ಗುಂಡು ಪೂರ್ತಿ ಇಳಿದಿಲ್ಲ, ಇಲ್ಲವೇ ಎರಡು ಈಡು ಬಿದ್ದಿದೆ. ಈಡಿನ ಗುರುತು ಒಳಗೆ ಹೋಗಿ ಖಾಲಿ ಗುರುತು ಇನ್ನೂ ಸ್ವಲ್ಪ ಹೊರಗೇ ಇದ್ದರೆ ಗುಂಡು ಇದೆ, ಮದ್ದು ಇಲ್ಲ ಅಥವಾ ಕಡಿಮೆ ಇದೆ. ಸದ್ದನ್ನೂ ಗಮನಿಸಿ. ಖಾಲಿ ನಳಿಗೆಯ ತಳಕ್ಕೆ ಕಬ್ಬಿಣದ ಗಜ ತಾಗಿದರೆ ಟಣ್ ಅನ್ನುತ್ತದೆ. ಒಳಗೆ ಏನಾದರೂ ಇದ್ದರೆ ದಪ್ ಅಂತ ಮಂಕಾಗಿ ಕೇಳುತ್ತದೆ. ಒಂದೇ ಗುಂಡಿನ ಬದಲು ಚರೆ (ಸಣ್ಣ ಸಣ್ಣ ಗುಂಡುಗಳು) ಹಾಕುವುದಾದರೆ ಅದಕ್ಕೆ ಬೇರೆಯೇ ಗುರುತು ಬೇಕು.

ಅಜ್ಜನ ಕಾಲದ ಕೋವಿ ಅಟ್ಟದಿಂದ ಇಳಿದಿದೆ, ಖಾಲಿಯೋ ತುಂಬಿದೆಯೋ ಗೊತ್ತಿಲ್ಲ ಅಂದ್ರೆ? ಗಜವನ್ನು ಒಳಗೆ ಇಳಿಸಿ, ಬಾಯಿಯ ಹತ್ತಿರ ಬೆರಳಲ್ಲಿ ಹಿಡಿದು ಹೊರಗೆ ತೆಗೆಯಿರಿ. ಅದೇ ಉದ್ದವನ್ನು ನಳಿಗೆಯ ಹೊರಗೆ ಪಕ್ಕದಲ್ಲಿ ಹಿಡಿದು ನೋಡಿ. ಗಜದ ತುದಿ ನಿಪ್ಪಲ್ ಹತ್ತಿರಕ್ಕೆ ಬರಬೇಕು. ಎರಡು ಮೂರು ಬೆರಳು ಮೊದಲೇ ನಿಂತರೆ ಒಳಗೆ ಏನೋ ಇದೆ. ತೇವ ತಾಗದ ಕರಿಮದ್ದು ಹತ್ತಾರು ವರ್ಷ ಕಳೆದರೂ ಕೆಡುವುದಿಲ್ಲ. ಹಳೆಯದು ಅಂತ ಸುಮ್ನೆ ಕೇಪಿಟ್ಟು ಟ್ರಿಗರ್ ಎಳೆದು ನೋಡಬೇಡಿ.

ಕೇಪು ಸಿಡಿಯಿತು, ಈಡು ಹಾರಲಿಲ್ಲ

ಅತಿ ಹೆಚ್ಚು ಜನರಿಗೆ ಆಗುವುದು ಇದೇ. ಚಟ್ ಅಂತ ಸದ್ದು, ಆಮೇಲೆ ಏನೂ ಇಲ್ಲ.

ಮೊದಲ ಕೆಲಸ, ಅಲ್ಲಾಡದೆ ನಿಲ್ಲುವುದು. ಕೋವಿಯ ಬಾಯಿ ಗುರಿಯ ಕಡೆಗೇ ಇರಲಿ. ಕನಿಷ್ಠ ಒಂದು ನಿಮಿಷ ಕಾಯಿರಿ, ಎರಡಾದರೆ ಇನ್ನೂ ಒಳ್ಳೆಯದು. ಒಳಗೆ ಮದ್ದು ಕೆಂಡದಂತೆ ನಿಧಾನಕ್ಕೆ ಹತ್ತಿ ಕೆಲವು ಕ್ಷಣ ತಡವಾಗಿ ಹಾರುವುದುಂಟು. ಕೈ ಸೋತರೆ ಬೆಂಚಿನ ಮೇಲೆ ಒರಗಿಸಿ, ಬಾಯಿಯ ದಿಕ್ಕು ಮಾತ್ರ ಬದಲಾಗಬಾರದು. "ಯಾಕೆ ಹಾರಲಿಲ್ಲ" ಅಂತ ಪಕ್ಕದವರು ಬಗ್ಗಿ ನೋಡಲು ಬಂದರೆ ಅಲ್ಲೇ ತಡೆಯಿರಿ.

ಆಮೇಲೆ ಹೊಸ ಕೇಪು ಇಟ್ಟು ಮತ್ತೆ ಹೊಡೆಯಿರಿ. ಬಹಳ ಸಲ ಇಷ್ಟರಲ್ಲೇ ಮುಗಿಯುತ್ತದೆ. ಮೊದಲ ಕೇಪಿನ ಬೆಂಕಿ ದಾರಿಯಲ್ಲಿದ್ದ ಎಣ್ಣೆಯನ್ನು ಸುಟ್ಟಿರುತ್ತದೆ, ಎರಡನೆಯದರ ಬೆಂಕಿ ಮದ್ದಿಗೆ ತಲುಪುತ್ತದೆ. ಎರಡನೆಯದೂ ಹಾರದಿದ್ದರೆ ಮತ್ತೆ ಅಷ್ಟೇ ಹೊತ್ತು ಕಾದು, ಒಡೆದ ಕೇಪು ತೆಗೆದು, ನಿಪ್ಪಲ್ ತೂತಿಗೆ ತೆಳು ತಂತಿ ಚುಚ್ಚಿ ಬಿಡಿಸಿ. ತಂತಿಯ ತುದಿಗೆ ಕಪ್ಪು ಪುಡಿ ಒಣಗಿಯೇ ಬಂದರೆ ಕಸ ಕಟ್ಟಿತ್ತು ಅಂತ. ಅಂಟಂಟಾಗಿ ಬಂದರೆ ಎಣ್ಣೆ ಅಥವಾ ತೇವ.

ಮೂರನೆಯ ಕೇಪಿಟ್ಟು ಹೊಡೆದರೂ ಸುಮ್ಮನಾದರೆ ಮತ್ತೆ ಕಾದು, ಕೇಪು ತೆಗೆದು, ಗಜವನ್ನು ಬೆರಳ ತುದಿಯಲ್ಲಿ ಹಿಡಿದು ಇಳಿಸಿ. ಮುಖ, ಅಂಗೈ ಬಾಯಿಯ ನೇರಕ್ಕೆ ಇರಬಾರದು. ಈಡಿನ ಗುರುತು ಸರಿಯಾಗಿ ನಿಂತರೆ ಮದ್ದು ಇದೆ, ಬೆಂಕಿ ತಲುಪುತ್ತಿಲ್ಲ. ಈಗ ಪಾನದಿಂದ (ಸ್ಪ್ಯಾನರ್) ನಿಪ್ಪಲ್ ಬಿಚ್ಚಿ, ಆ ತೂತಿನೊಳಕ್ಕೆ ಒಂದು ಚಿಟಿಕೆ ಸಣ್ಣ ಕಾಳಿನ ಕರಿಮದ್ದು ಉದುರಿಸಿ, ನಿಪ್ಪಲ್ ಮತ್ತೆ ಬಿಗಿಯಾಗಿ ಕೂರಿಸಿ. ಗುಂಡು ತಳದಲ್ಲೇ ಇದೆಯೇ ಅಂತ ಗಜದಿಂದ ಇನ್ನೊಮ್ಮೆ ಒತ್ತಿ ನೋಡಿ. ಗಜವನ್ನು ಹೊರಗೆ ತೆಗೆದು, ಕೇಪಿಟ್ಟು, ಗುರಿಯ ಕಡೆಗೆ ಹೊಡೆಯಿರಿ. ಸಾಮಾನ್ಯವಾಗಿ ಹಾರುತ್ತದೆ.

ಕಾರಣ ಹುಡುಕಿದರೆ ಬಹಳ ಸಲ ಎಣ್ಣೆಯೇ ಸಿಗುತ್ತದೆ. ಚುನಾವಣೆ ಬಂದರೆ ನಮ್ಮಲ್ಲಿ ಕೋವಿಯನ್ನು ಠಾಣೆಗೆ ಒಪ್ಪಿಸಬೇಕಲ್ಲ, ತುಕ್ಕು ಹಿಡಿಯದಿರಲಿ ಅಂತ ಒಳಗೆ ಚೆನ್ನಾಗಿ ಎಣ್ಣೆ ಬಳಿದು ಕೊಡುತ್ತಾರೆ. ಬಾಯಿ ಮೇಲಾಗಿ ತಿಂಗಳುಗಟ್ಟಲೆ ನಿಂತ ಕೋವಿಯಲ್ಲಿ ಅದೆಲ್ಲ ಇಳಿದು ತಳದಲ್ಲಿ, ಬೆಂಕಿ ಹೋಗುವ ದಾರಿಯಲ್ಲೇ ಕೂರುತ್ತದೆ. ವಾಪಸು ತಂದ ದಿನ ಅದೇ ಎಣ್ಣೆಯ ಮೇಲೆ ಮದ್ದು ಸುರಿದರೆ ಇನ್ನೇನಾಗುತ್ತದೆ? ತುಂಬುವ ಮೊದಲು ಒಣ ಬಟ್ಟೆಯಿಂದ ಒರೆಸಿ, ಬಾಯಿಯನ್ನು ನೆಲದ ಮೇಲಿನ ಒಂದು ಒಣ ಎಲೆಗೆ ಹತ್ತಿರ ಹಿಡಿದು, ಖಾಲಿ ನಳಿಗೆಯಲ್ಲೇ ಎರಡು ಕೇಪು ಸಿಡಿಸಿ. ಎಲೆ ಹಾರಿದರೆ ದಾರಿ ತೆರೆದಿದೆ. ಎಲೆ ಅಲ್ಲಾಡದಿದ್ದರೆ ಮದ್ದು ಹಾಕುವ ಮೊದಲೇ ನಿಮಗೆ ಉತ್ತರ ಸಿಕ್ಕಿತು.

ಹೊರದೇಶದಲ್ಲಿರುವವರಿಗೆ ಇನ್ನೊಂದು ಮಾತು. ಪೈರೋಡೆಕ್ಸ್‌ನಂತಹ ಬದಲಿ ಮದ್ದುಗಳಿಗೆ ಹತ್ತಿಕೊಳ್ಳಲು ಕರಿಮದ್ದಿಗಿಂತ ಜಾಸ್ತಿ ಶಾಖ ಬೇಕು. ಕರಿಮದ್ದಿನಲ್ಲಿ ಸರಿಯಾಗಿ ಹಾರುವ ಕೋವಿ ಇದರಲ್ಲಿ ಮುಷ್ಕರ ಹೂಡಿದರೆ ಜೋರಾದ ಕೇಪು ಹಾಕಿ ನೋಡಿ.

ಕೇಪೇ ಸಿಡಿಯಲಿಲ್ಲ

ಕುದುರೆ (ಕೇಪಿಗೆ ಬಡಿಯುವ ಸುತ್ತಿಗೆ) ಬಿತ್ತು, ಟಕ್ ಅಂದಿತು, ಅಷ್ಟೇ. ಇಲ್ಲೂ ಒಂದು ನಿಮಿಷ ಕಾದು ಮತ್ತೆ ಕುದುರೆ ಎಳೆದು ಹೊಡೆಯಿರಿ. ಎರಡನೇ ಏಟಿಗೆ ಸಿಡಿದರೆ ಅರ್ಥ ಸ್ಪಷ್ಟ: ಕೇಪು ನಿಪ್ಪಲ್ ಮೇಲೆ ಪೂರ್ತಿ ಕೂತಿರಲಿಲ್ಲ, ಮೊದಲ ಏಟು ಅದನ್ನು ಕೂರಿಸಲು ಖರ್ಚಾಯಿತು. ಕೇಪಿನ ಅಳತೆ ಚಿಕ್ಕದಾಗಿರಬಹುದು. 10 ಮತ್ತು 11ನೇ ನಂಬರಿನ ಕೇಪುಗಳು ಕಣ್ಣಿಗೆ ಒಂದೇ ಥರ ಕಾಣುತ್ತವೆ. ಇಲ್ಲವೇ ವರ್ಷಗಟ್ಟಲೆ ಏಟು ತಿಂದು ನಿಪ್ಪಲ್ ತುದಿ ಅಣಬೆಯ ಹಾಗೆ ಅಗಲವಾಗಿರಬಹುದು. ನಿಪ್ಪಲ್ ಬದಲಿಸುವುದು ಅಗ್ಗದ ಕೆಲಸ. ಕೇಪು ಸರಿಯಾಗಿ ಕೂತಿದ್ದೂ ಸಿಡಿಯದಿದ್ದರೆ ಕೇಪಿನ ಮೇಲಿನ ಏಟಿನ ಗುರುತು ನೋಡಿ. ಒಂದು ಬದಿಗೆ ಬಿದ್ದಿದ್ದರೆ ಕುದುರೆ ಓರೆಯಾಗಿದೆ. ನಡುವೆ ಬಿದ್ದೂ ಆಳವಿಲ್ಲದಿದ್ದರೆ ಸ್ಪ್ರಿಂಗ್ ಸೋತಿದೆ. ಇವೆರಡೂ ರಿಪೇರಿಯವರ ಕೆಲಸ.

ಕೇಪನ್ನು ಕುದುರೆಯಿಂದ ಒತ್ತಿ ಕೂರಿಸುವ ಅಭ್ಯಾಸ ಕೆಲವರಿಗಿದೆ. ತುಂಬಿದ ಕೋವಿಯಲ್ಲಿ ಅದು ಬೇಡ. ಮರದ ಚೂರಿನಿಂದ ಒತ್ತಿ.

ಗುಂಡು ಹಾಕಿದ್ದೇನೆ, ಮದ್ದು ಹಾಕಿದೆನೋ ಇಲ್ಲವೋ

ಯಾರೋ ಮಾತಾಡಿಸಿದರು, ಫೋನ್ ಬಂತು, ಕೈ ತಪ್ಪಿತು. ಗಜ ಇಳಿಸಿದರೆ ಈಡಿನ ಗುರುತು ಒಳಗೆ ಮುಳುಗುತ್ತದೆ. ಮದ್ದು ಇಲ್ಲ.

ಸುಲಭದ ದಾರಿ, ಮೇಲೆ ಹೇಳಿದ ಹಾಗೆ ನಿಪ್ಪಲ್ ತೂತಿನಿಂದ ಸ್ವಲ್ಪ ಮದ್ದು ಉದುರಿಸಿ ಗುಂಡನ್ನು ಹಾರಿಸಿಬಿಡುವುದು. ಮದ್ದು ಒಳಗೆ ಹೋಗಲು ಹಿಡಿಗೆ ಮೆಲ್ಲಗೆ ತಟ್ಟುತ್ತಾ ಇರಬೇಕು. ಹಾರಿಸುವ ಮೊದಲು ಗುಂಡನ್ನು ಮತ್ತೆ ಗಟ್ಟಿಯಾಗಿ ಒತ್ತಲೇಬೇಕು. ಹೊಡೆದಾಗ ಪುಸ್ ಅಂತ ಸಣ್ಣ ಸದ್ದಾಗಿ ಗುಂಡು ಸ್ವಲ್ಪ ದೂರದಲ್ಲಿ ಬಿದ್ದರೆ ಕೆಲಸ ಆಯಿತು. ಗುಂಡು ಬಿದ್ದಿದ್ದು ಕಾಣದಿದ್ದರೆ ಗಜ ಇಳಿಸಿ ಖಾಲಿ ಗುರುತು ನೋಡದೆ ಮುಂದಿನ ಈಡು ತುಂಬಬೇಡಿ. ಅರ್ಧಕ್ಕೆ ಬಂದು ನಿಂತ ಗುಂಡಿನ ಹಿಂದೆ ಮತ್ತೆ ಹೊಡೆಯುವ ಹಾಗಿಲ್ಲ. ಅದನ್ನು ಮೊದಲು ತಳಕ್ಕೆ ಒತ್ತಬೇಕು.

ನಿಪ್ಪಲ್ ಮೇಲಿಟ್ಟು ಇಂಗಾಲದ ಡೈಆಕ್ಸೈಡ್ ಗಾಳಿಯಿಂದ ಗುಂಡು ತಳ್ಳುವ ಚಿಕ್ಕ ಸಲಕರಣೆ ಹೊರದೇಶದ ಅಂಗಡಿಗಳಲ್ಲಿ ಸಿಗುತ್ತದೆ. ಅದೂ ಒಳ್ಳೆಯದೇ. ಆದರೆ ಅದರಿಂದ ಹೊರಟ ಗುಂಡಿಗೂ ಏಟು ಹಾಕುವ ಶಕ್ತಿ ಇರುತ್ತದೆ, ಬಾಯಿ ಗುರಿಯ ಕಡೆಗೇ ಇರಲಿ.

ಕೊನೆಯ ದಾರಿ, ಗಜದ ತುದಿಗೆ ಸ್ಕ್ರೂ ಹಾಕಿ ಸೀಸದ ಗುಂಡಿಗೆ ತಿರುಗಿಸಿ ಎಳೆಯುವುದು. ಇದಕ್ಕೆ ಮುಂಚೆ ಒಳಗೆ ಒಂದು ಕಾಳು ಮದ್ದೂ ಒಣಗಿರಬಾರದು. ನಿಪ್ಪಲ್ ಬಿಚ್ಚಿ ಆ ತೂತಿನಿಂದಲೇ ನೀರು ಬಿಡಿ. ಬಾಯಿಂದ ಸುರಿದರೆ ಪ್ರಯೋಜನವಿಲ್ಲ. ಬಿಗಿಯಾಗಿ ಕೂತ ಬಟ್ಟೆ, ಗುಂಡು ದಾಟಿ ನೀರು ಕೆಳಗಿಳಿಯುವುದಿಲ್ಲ. ನೆನೆದ ಮದ್ದು ಒಣಗಿದರೆ ಮತ್ತೆ ಹತ್ತಿಕೊಳ್ಳಬಹುದು, ಆದ್ದರಿಂದ ಅರ್ಧ ಮಾಡಿ ನಾಳೆಗೆ ಅಂತ ಬಿಡಬೇಡಿ.

ಗುಂಡು ಅರ್ಧದಲ್ಲೇ ಸಿಕ್ಕಿಕೊಂಡಿತು

ಈ ಪಟ್ಟಿಯಲ್ಲಿ ನಾನು ಅತಿ ಹೆಚ್ಚು ಹೆದರುವುದು ಇದಕ್ಕೆ. ಮದ್ದಿಗೂ ಗುಂಡಿಗೂ ನಡುವೆ ಖಾಲಿ ಜಾಗ ಉಳಿದರೆ ಆ ಗುಂಡು ನಳಿಗೆಗೆ ಅಡ್ಡ ಹಾಕಿದ ಬಿರಡೆ ಆಗುತ್ತದೆ. ಹೊಡೆದರೆ ನಳಿಗೆ ಆ ಜಾಗದಲ್ಲಿ ಉಂಗುರದ ಹಾಗೆ ಉಬ್ಬಬಹುದು, ಸೀಳಿಯೂ ಹೋಗಬಹುದು. ಮುಂದೆ ಚಾಚಿದ ಎಡಗೈ ಇರುವುದು ಅಲ್ಲೇ ಅಲ್ವಾ?

ಹಾಗಾಗಿ "ಹೊಡೆದರೆ ತಾನಾಗಿ ಹೋಗುತ್ತೆ ಬಿಡು" ಅನ್ನುವವರ ಮಾತು ಕೇಳಬೇಡಿ. ಕೇಪು ಇದ್ದರೆ ತೆಗೆಯಿರಿ. ಬಾಯಿಗೆ ಒಂದಿಷ್ಟು ಸೋಪಿನ ನೀರು ಹನಿಸಿ ಕೆಲವು ನಿಮಿಷ ಬಿಡಿ. ಒಳಗಿನ ಮಸಿ ಮೆತ್ತಗಾಗುತ್ತದೆ. ಆಮೇಲೆ ಗಟ್ಟಿಯಾದ ಲೋಹದ ಗಜದಿಂದ ಒತ್ತಿ ತಳಕ್ಕೆ ಇಳಿಸಿ. ಕೋವಿಯ ಜೊತೆ ಬರುವ ಮರದ ಗಜವನ್ನು ಇಲ್ಲಿ ನಂಬಬೇಡಿ. ಮೇಲಿನ ತುದಿಯಲ್ಲಿ ಹಿಡಿದು ಮೈಭಾರ ಹಾಕಿದರೆ ಅದು ಬಾಗಿ, ನಾರಿನ ಉದ್ದಕ್ಕೆ ಓರೆಯಾಗಿ ಮುರಿದು, ಆ ಚೂಪು ತುದಿ ಅಂಗೈ ಅಥವಾ ಮುಂಗೈಗೆ ಹೊಕ್ಕುಬಿಡುತ್ತದೆ. ಯಾವ ಗಜವೇ ಆಗಲಿ, ಬಾಯಿಯಿಂದ ಒಂದು ಗೇಣು ಮೇಲೆ ಹಿಡಿದು, ಸ್ವಲ್ಪ ಸ್ವಲ್ಪವಾಗಿ ಒತ್ತಬೇಕು. ಸುತ್ತಿಗೆಯಿಂದ ಹೊಡೆಯುವುದಂತೂ ಬೇಡವೇ ಬೇಡ.

ತಳಕ್ಕೆ ಇಳಿದು ಈಡಿನ ಗುರುತು ಸರಿಯಾಗಿ ಬಂದರೆ ಹಾರಿಸಬಹುದು. ನೀರು ಒಳಗಿಳಿದು ಹಾರದಿದ್ದರೆ ಹಾರದ ಈಡಿನ ವಿಧಾನ ಮೇಲಿದೆ. ಇಳಿಯಲೇ ಇಲ್ಲವೇ? ನಿಪ್ಪಲ್ ಬಿಚ್ಚಿ ಮದ್ದು ನೆನೆಸಿ, ಕೋವಿ ರಿಪೇರಿ ಬಲ್ಲವರ ಹತ್ತಿರ ಒಯ್ಯಿರಿ.

ಸಿಕ್ಕಿಕೊಳ್ಳಲು ಮುಖ್ಯ ಕಾರಣ ಮಸಿ. ಕರಿಮದ್ದು ಉರಿದಾಗ ಅದರ ತೂಕದ ಅರ್ಧಕ್ಕಿಂತ ಜಾಸ್ತಿ ಭಾಗ ಹೊಗೆಯ ಕಣ, ಬೂದಿ, ಮಸಿಯೇ ಆಗುತ್ತದೆ. ಒಣಹವೆಯಲ್ಲಿ ಅದು ಗಟ್ಟಿ ಹಕ್ಕಳೆ ಕಟ್ಟುತ್ತದೆ. ಪ್ರತಿ ಈಡಿನ ನಂತರ ಒಂದು ಒದ್ದೆ ಬಟ್ಟೆ, ಹಿಂದೆಯೇ ಒಂದು ಒಣ ಬಟ್ಟೆ ಎಳೆದರೆ ಈ ತೊಂದರೆ ಬಹುಪಾಲು ಬರುವುದೇ ಇಲ್ಲ. ಇನ್ನೊಂದು ಕಾರಣ ದಪ್ಪ ಬಟ್ಟೆ. 0.50 ಇಂಚಿನ ರೈಫಲ್ಲಿಗೆ 0.490 ಇಂಚಿನ ಗುಂಡು, 0.015 ಇಂಚು ದಪ್ಪದ ಹತ್ತಿ ಬಟ್ಟೆ ಬಹಳ ಜನ ಬಳಸುವ ಜೋಡಿ. ಮನೆಯಲ್ಲಿ ಸಿಕ್ಕ ಹಳೇ ಜೀನ್ಸ್ ಪ್ಯಾಂಟು ಕತ್ತರಿಸಿ ಹಾಕಿದರೆ ಇಳಿಯುವುದಿಲ್ಲ.

ಕೊಡಗಿನವರಿಗೆ ಇಲ್ಲೊಂದು ಮಾತು. ಆಯುಧ ಪೂಜೆಯ ಕೈಲ್ ಮುಹೂರ್ತ ಹಬ್ಬಕ್ಕೆ ಕೋವಿಯ ಬಾಯಿಗೆ ತೋಕ್‌ಪೂ (ಕೋವಿ ಹೂವು) ಸಿಕ್ಕಿಸಿ ಪೂಜೆ ಮಾಡುತ್ತೀರಿ. ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಆಟ ಇರುತ್ತದೆ. ನಡುವೆ ಒಂದು ಸಲ ಗಜ ಇಳಿಸಿ. ಹೂವಿನ ತೊಟ್ಟು ಮುರಿದು ಒಳಗೆ ಉಳಿದಿರಬಹುದು.

ಗುರುತು ತೀರಾ ಮೇಲೆ ನಿಂತಿದೆ: ಎರಡು ಈಡು

ತುಂಬಿದ್ದು ಮರೆತು ಮತ್ತೆ ತುಂಬುವುದು ಹೊಸಬರ ತಪ್ಪು ಮಾತ್ರ ಅಂದುಕೊಳ್ಳಬೇಡಿ. 1863ರಲ್ಲಿ ಅಮೆರಿಕದ ಗೆಟಿಸ್‌ಬರ್ಗ್ ಯುದ್ಧ ಮುಗಿದ ಮೇಲೆ ರಣರಂಗದಲ್ಲಿ ಸುಮಾರು 27,000 ಕೋವಿಗಳನ್ನು ಆಯ್ದು ತಂದರು. ಅಂದಿನ ಶಸ್ತ್ರಾಗಾರದ ಲೆಕ್ಕದ ಪ್ರಕಾರ ಅವುಗಳಲ್ಲಿ ಸುಮಾರು 24,000 ತುಂಬಿದ್ದವು. ಅವುಗಳಲ್ಲಿ ಅರ್ಧದಷ್ಟರಲ್ಲಿ ಎರಡೆರಡು ಈಡು ಇತ್ತು. ಒಂದರಲ್ಲಂತೂ 23. ಗದ್ದಲದಲ್ಲಿ ಕೇಪು ಸಿಡಿದಿದ್ದೋ ಈಡು ಹಾರಿದ್ದೋ ಸಿಪಾಯಿಗೆ ತಿಳಿಯಲಿಲ್ಲ, ಕೈ ತನ್ನ ಪಾಡಿಗೆ ತುಂಬುತ್ತಾ ಹೋಯಿತು. ರೇಂಜಿನಲ್ಲೂ ಪಕ್ಕದವರ ಕೋವಿಯ ಸದ್ದನ್ನೇ ತಮ್ಮದು ಅಂದುಕೊಳ್ಳುವವರಿದ್ದಾರೆ. ನಿಮ್ಮ ಭುಜಕ್ಕೆ ಒದೆತ ಬಿತ್ತೇ, ಬಾಯಿಂದ ಹೊಗೆ ಬಂತೇ, ಅದನ್ನು ನೋಡಿ.

ಎರಡು ಈಡು ಇದೆ ಅನ್ನಿಸಿದರೆ ಹಾರಿಸಿ ಖಾಲಿ ಮಾಡುವ ಯೋಚನೆ ಬಿಡಿ. ಮದ್ದು ನೆನೆಸಿ, ಒಂದೊಂದಾಗಿ ಎಳೆದು ತೆಗೆಯಬೇಕಾಗುತ್ತದೆ. ಇಲ್ಲಿ ಒಂದು ಕಷ್ಟ ಇದೆ: ನಿಪ್ಪಲ್ ತೂತಿನಿಂದ ಬಿಟ್ಟ ನೀರು ಕೆಳಗಿನ ಮದ್ದಿಗೆ ಮಾತ್ರ ತಲುಪುತ್ತದೆ. ಎರಡು ಗುಂಡುಗಳ ನಡುವಿನ ಮದ್ದು ಒಣಗಿಯೇ ಇರುತ್ತದೆ. ಆದ್ದರಿಂದ ಇದನ್ನು ಮನೆಯಲ್ಲಿ ಮಾಡಬೇಡಿ. ರಿಪೇರಿಯವರು ನಳಿಗೆಯ ಹಿಂಬಿರಡೆ ಬಿಚ್ಚಿ ತೆಗೆಯಬಲ್ಲರು.

ಮದ್ದು ಸುರಿಯುವಾಗಲೇ ಭಗ್ ಅಂತು

ಹಿಂದಿನ ಈಡಿನ ಬಟ್ಟೆಯ ಚೂರೋ, ಮಸಿಯ ಕೆಂಡವೋ ತಳದಲ್ಲಿ ಉಳಿದಿತ್ತು. ದೊಡ್ಡ ಡಬ್ಬಿಯಿಂದ ನೇರವಾಗಿ ಸುರಿಯುತ್ತಿದ್ದರೆ ಬೆಂಕಿ ಡಬ್ಬಿಗೇ ಏರುತ್ತದೆ. ಡಬ್ಬಿ ಕೈಯಲ್ಲೇ ಸಿಡಿಯುತ್ತದೆ. ಯಾವಾಗಲೂ ಒಂದು ಈಡಿನಷ್ಟನ್ನು ಬೇರೆ ಅಳತೆ ಪಾತ್ರೆಗೆ ಹಾಕಿಕೊಂಡು, ಡಬ್ಬಿ ಮುಚ್ಚಿ ದೂರ ಇಟ್ಟು, ಆಮೇಲೆ ನಳಿಗೆಗೆ ಸುರಿಯಿರಿ. ಒದ್ದೆ ಬಟ್ಟೆ ಎಳೆಯುವ ಅಭ್ಯಾಸ ಕೆಂಡವನ್ನೂ ಆರಿಸುತ್ತದೆ. ಬೀಡಿ ಸಿಗರೇಟಿನ ಬಗ್ಗೆ ಹೇಳಲೇಬೇಕಿಲ್ಲ ತಾನೇ.

ಹಾರಿತು, ಆದರೆ ಗುರಿ ಎಲ್ಲೆಲ್ಲೋ

ಇದು ರೈಫಲ್ಲಿನವರಿಗೆ. ಗುರಿಯ ಕಡೆ ಕೆಲವು ಹೆಜ್ಜೆ ನಡೆದು ನೆಲಕ್ಕೆ ಬಿದ್ದ ಬಟ್ಟೆ ಹುಡುಕಿ. ರೇಂಜಿನಲ್ಲಿ ಎಲ್ಲರೂ ಕೋವಿ ಕೆಳಗಿಟ್ಟ ಮೇಲೆ ಮಾತ್ರ. ಒಳ್ಳೆಯ ಬಟ್ಟೆ ಅಂಚಿನಲ್ಲಿ ಎಳೆ ಬಿಚ್ಚಿಕೊಂಡು, ನಡುವೆ ಮಸಿ ಹತ್ತಿ, ಮತ್ತೆ ಬಳಸಬಹುದೇನೋ ಅನ್ನುವ ಹಾಗಿರುತ್ತದೆ. ನಡುವೆ ಸುಟ್ಟು ತೂತಾಗಿದ್ದರೆ ಬಟ್ಟೆ ತೆಳು, ಅಥವಾ ಅದಕ್ಕೆ ಹಚ್ಚಿದ ಜಿಡ್ಡು ಸಾಲದು. ಗೀರುಗಳ ಸಾಲಿನಲ್ಲೇ ಕೊಯ್ದ ಹಾಗಿದ್ದರೆ ಬಾಯಿಯ ಅಂಚು ತುಂಬುವಾಗಲೇ ಬಟ್ಟೆಯನ್ನು ಕತ್ತರಿಸುತ್ತಿದೆ. ಹೊಸ ನಳಿಗೆಗಳಲ್ಲಿ ಇದು ಮಾಮೂಲು, ಸ್ವಲ್ಪ ನುಣುಪು ಮಾಡಿಸಿದರೆ ಸರಿಹೋಗುತ್ತದೆ.

ಒದೆತ ಜಾಸ್ತಿ, ಕುದುರೆ ಹಿಂದಕ್ಕೆ ಹಾರುತ್ತಿದೆ

ಹೊಡೆದ ಮೇಲೆ ಕುದುರೆ ತಾನಾಗಿ ಅರ್ಧ ಹಿಂದಕ್ಕೆ ಹೋಗಿ ನಿಂತಿದ್ದರೆ, ಕೇಪಿನ ಚೂರು ಮುಖಕ್ಕೆ ಸಿಡಿಯುತ್ತಿದ್ದರೆ, ನಿಪ್ಪಲ್ ತೂತು ಸವೆದು ದೊಡ್ಡದಾಗಿದೆ. ಹೊಸದು ಹಾಕಿ. ಕನ್ನಡಕ ಇಲ್ಲದೆ ಹೊಡೆಯಬೇಡಿ.

ನಿಪ್ಪಲ್ ಹೊಸದಿದ್ದೂ ಹೀಗಾದರೆ ಮದ್ದಿನ ಬಗ್ಗೆ ಅನುಮಾನ ಪಡಿ. ತೋಟಾ ಬಿಚ್ಚಿ ತೆಗೆದ ಹೊಗೆಯಿಲ್ಲದ ಮದ್ದು, ಪಟಾಕಿ ಮದ್ದು ಇವೆರಡೂ ಕೇಪಿನ ಕೋವಿಗೆ ಬಾಂಬು ಇದ್ದ ಹಾಗೆ. ಸ್ವಲ್ಪ ಬೆರೆಸಿದರೂ ಅಷ್ಟೇ. ಮದ್ದು ಯಾವುದು ಅಂತ ಖಚಿತವಿಲ್ಲದಿದ್ದರೆ ಆ ಡಬ್ಬಿ ಬಳಸಬೇಡಿ.

ಇಲ್ಲಿಗೆ ನಿಲ್ಲಿಸಿ ಅನ್ನುವ ಚಿಹ್ನೆಗಳು

ನಳಿಗೆಯ ಹೊರಮೈ ಮೇಲೆ ಬೆರಳಾಡಿಸಿದಾಗ ಎಲ್ಲಾದರೂ ಉಬ್ಬು ತಾಗುವುದು. ಗಜ ಇಳಿಸುವಾಗ ಒಂದೇ ಜಾಗದಲ್ಲಿ ಸಡಿಲವಾಗಿ ಮತ್ತೆ ಬಿಗಿಯಾಗುವುದು. ನಿಪ್ಪಲ್ ತಿರುಪಿನ ಮರೆ ಸವೆದು ಅಲ್ಲಾಡುವುದು. ಕುದುರೆಯನ್ನು ಅರ್ಧಕ್ಕೆ ಎಳೆದು ನಿಲ್ಲಿಸಿದರೆ ನಿಲ್ಲದೆ ಜಾರುವುದು. ಬೆಸುಗೆ ಹಾಕಿದ ನಳಿಗೆ. ಇವುಗಳಲ್ಲಿ ಒಂದಿದ್ದರೂ ಕೇಪು ತೆಗೆದು, ಕೋವಿಯನ್ನು ಲೈಸೆನ್ಸ್ ಇರುವ ರಿಪೇರಿಯವರಿಗೆ ತೋರಿಸಿ. ಒಳಗೆ ಈಡು ಇದ್ದರೆ ಅಂಗಡಿಯ ಬಾಗಿಲಲ್ಲೇ ಹೇಳಿ, ಒಂದು ಚೀಟಿ ಬರೆದು ಟ್ರಿಗರ್ ಕಾವಲಿಗೆ ಕಟ್ಟಿ. ಬಸ್ಸಿನಲ್ಲೋ ಜೀಪಿನಲ್ಲೋ ಒಯ್ಯುವುದಾದರೆ ಹೊರಡುವ ಮೊದಲೇ ನಿಪ್ಪಲ್ ಬಿಚ್ಚಿ ಮದ್ದು ನೆನೆಸಿರಬೇಕು. ಎರಡು ಈಡು ಬಿದ್ದ ಕೋವಿಯಾದರೆ ನೀವು ಒಯ್ಯುವ ಬದಲು ಅವರನ್ನೇ ಮನೆಗೆ ಕರೆಸಿ.